ಹಳೆ ಸೀರೆ, ಧೋತರದ ಕೌದಿ: ಯಾವ ಬಟ್ಟೆ ಎಲ್ಲಿಗೆ, ಯಾವ ದಾರ, ಎಷ್ಟು ಪದರ?

ಗುಬ್ಬಿಗೂಡು:
ಎಲ್ಲರಿಗೂ ನಮಸ್ಕಾರ. ಮನೆಯ ಹಳೆ ಬಟ್ಟೆಗಳಿಂದ ಒಂದು ಕೌದಿ ಹೊಲಿಯಬೇಕು. ಕೈಯಲ್ಲಿರುವುದು ಇಷ್ಟು: 9 ಗಜದ ಇಳಕಲ್ ಸೀರೆ ಒಂದು (ಒಡಲು ನಡುವೆ ಸವೆದಿದೆ, ಸೆರಗು ಚೆನ್ನಾಗಿದೆ), ಹತ್ತಿ ಸೀರೆ ಎರಡು, ಧೋತರ ಮೂರು, ಪಾಲಿಯೆಸ್ಟರ್ ಸೀರೆ ಒಂದು, ಅರ್ಧ ಡಜನ್ ಶರ್ಟು, ತೊಡೆಯ ಹತ್ತಿರ ಹರಿದ ಜೀನ್ಸ್ ಎರಡು. ಅಳತೆ ಒಬ್ಬರು ಹೊದೆಯುವಷ್ಟು ಸಾಕು, 1.4 × 2.1 ಮೀಟರ್.

ಗೊತ್ತಾಗಬೇಕಿರುವುದು: ಯಾವುದು ತಳಕ್ಕೆ, ಯಾವುದು ಒಳಗೆ, ಯಾವುದು ಮೇಲೆ? ಪದರ ಎಷ್ಟು? ದಾರ ಯಾವುದು, ಎಷ್ಟು ಬೇಕು? ಮಿಷನ್‌ನಲ್ಲಿ ಹೊಲಿದರೆ ನಡೆಯುತ್ತದೆಯೇ? ದಯವಿಟ್ಟು ಅಳತೆ ಸಮೇತ ಹೇಳಿ. "ಅಂದಾಜಿಗೆ ಹಾಕಿ" ಅಂದರೆ ನನಗೆ ತಿಳಿಯುವುದಿಲ್ಲ.

ಅರಿವಿ_ಸಂದೂಕ:
ಮೊದಲ ಪಾಲಿಯೆಸ್ಟರ್ ಸೀರಿ, ಜೀನ್ಸು ಎರಡೂ ಬದಿಗಿಡ್ರಿ. ಹತ್ತಿ ಒಗದಂಗೆಲ್ಲ ಕುಗ್ಗತೈತಿ, ಪಾಲಿಯೆಸ್ಟರ್ ಕುಗ್ಗೂದಿಲ್ಲ. ನಾಕ್ ಸಲ ಒಗದ್ರ ಹೊಲಿಗಿ ಹೊಲಿಗಿ ನಡುವ ಉಬ್ಬಿ ನಿಂದರತೈತಿ, ಆಮ್ಯಾಲ ಎಷ್ಟು ತಿಕ್ಕಿ ಇಸ್ತ್ರಿ ಹೊಡದ್ರೂ ಕೂಡೂದಿಲ್ಲ. ಬೆವರೂ ಹೀರೂದಿಲ್ಲ. ಜೀನ್ಸಿಗೆ ಕೈಸೂಜಿ ಹೋಗೂದಿಲ್ಲ, ಹೋದ್ರೂ ಬಳ್ಳು ನೋಯ್ತಾವ.

ಉಳದ ಅರಿವಿ ಒಂದೊಂದ ಬೆಳಕಿಗೆ ಹಿಡದ ನೋಡ್ರಿ. ಎಲ್ಲಿ ಜಾಳ ಕಾಣತೈತಿ ಅಲ್ಲಿ ಎರಡೂ ಹೆಬ್ಬಟ್ಟಿನ ನಡುವ ಹಿಡದ ಜಗ್ರಿ. ಚರ್ ಅಂದ್ರ ಅದು ಒಳಗ ಹಾಕೂ ಅರಿವಿ. ತಡಕೊಂಡ್ರ ಮ್ಯಾಲ. ಎರಡೂ ಹತ್ತಿ ಸೀರ್ಯಾಗ ಯಾವುದು ಗಟ್ಟಿ ಐತಿ ಅದು ತಳಕ್ಕ. ಧೋತರ ಒಳಗ. ಇಳಕಲ್ ಒಡಲಾಗ ಸವದಿದ್ದು ಒಳಗ, ಅಂಚು, ಸೆರಗು ಮ್ಯಾಲ.

ಪದರ ನಾಕು. ತಳ ಒಂದು, ಒಳಗ ಎರಡು, ಮ್ಯಾಲ ತ್ಯಾಪಿ ಒಂದು.

ಕಡಲತಡಿ:
ನೀವು ಯಾವ ಊರಿನವರು ಅಂತ ಹೇಳಿಲ್ಲ. ಕರಾವಳಿಯಾದರೆ ಒಳಗೆ ಒಂದೇ ಪದರ ಸಾಕು ಮಾರಾಯ್ರೆ. ನಾಲ್ಕು ಪದರದ್ದು ಜೂನ್‌ನಲ್ಲಿ ಒಗೆದರೆ ವಾರವಾದರೂ ಒಣಗುವುದಿಲ್ಲ, ಕರಿ ಚುಕ್ಕೆ ಬೀಳ್ತದೆ. ಆ ಚುಕ್ಕೆ ಬರೀ ಕಲೆಯಲ್ಲ, ಬೂಸ್ಟು ಹತ್ತಿಯ ಎಳೆಯನ್ನೇ ತಿನ್ನುವುದು.

ಗುಬ್ಬಿಗೂಡು:
ಶಿವಮೊಗ್ಗ. ಮಳೆ ಇದೆ, ಚಳಿಯೂ ಇದೆ.

ಕಡಲತಡಿ:
ಹಾಗಾದರೆ ಮೂರೋ ನಾಲ್ಕೋ ನಿಮ್ಮ ಇಷ್ಟ. ಐದು ಮಾತ್ರ ಬೇಡ.

ಮಿಷನ್_ಮಾಸ್ತರ್:
ಕೈಹೊಲಿಗೆ ಯಾಕೆ? ಮಿಷನ್‌ನಲ್ಲಿ ಎರಡು ದಿನದ ಕೆಲಸ. ಹೊಲಿಗೆ ಉದ್ದ 4 ಮಿ.ಮೀ.ಗೆ ಇಡಿ, 16 ನಂಬರ್ ಸೂಜಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ ಕಾಲಿನ ಒತ್ತಡ ಸ್ವಲ್ಪ ಸಡಿಲಿಸಿ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಿ. ಪಾಲಿಯೆಸ್ಟರ್ ದಾರ ಹಾಕಿದರೆ ಹರಿಯುವ ಮಾತೇ ಇಲ್ಲ.

ಹಾಸುಹೊಕ್ಕು:
ಮಾಸ್ತರೇ, ದಾರ ಹರಿಯಬಾರದು ಅನ್ನುವುದೇ ಇಲ್ಲಿ ತಪ್ಪು ಲೆಕ್ಕ. ಹೊಸ ಬಟ್ಟೆಗೆ ನಿಮ್ಮ ಮಾತು ಸರಿ. ಹಳೆ ಬಟ್ಟೆಯ ನಿಯಮ ಬೇರೆ: ಬಟ್ಟೆಗಿಂತ ದಾರ ಬಲವಾಗಿರಬಾರದು. ಮಲಗಿದವರು ಮಗ್ಗುಲಾದಾಗ ಎಳೆತ ಬೀಳುತ್ತದೆ, ಆಗ ಎರಡರಲ್ಲಿ ಒಂದು ಸೋಲಬೇಕು. ದಾರ ಹರಿದರೆ ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ. ಪಾಲಿಯೆಸ್ಟರ್ ದಾರ ಸಣ್ಣ, ಗಟ್ಟಿ, ನುಣುಪು. ಸವೆದ ಹತ್ತಿಯಲ್ಲಿ ಅದು ಗರಗಸದಂತೆ ಕೊಯ್ಯುತ್ತದೆ. ಕೌದಿಗೆ ದಪ್ಪನೆಯ, ಸಡಿಲ ಹುರಿಯ ಹತ್ತಿ ದಾರ ಹಾಕುವುದು ಅಂದಕ್ಕಷ್ಟೇ ಅಲ್ಲ. ಅದು ಎಳೆತವನ್ನು ಅಗಲವಾಗಿ ಹಂಚುತ್ತದೆ.

ಮಿಷನ್ ಹೊಲಿಗೆಯ ಇನ್ನೊಂದು ತೊಂದರೆ ರಂಧ್ರಗಳು. ಮಾಮೂಲಿ ಹೊಲಿಗೆಯಲ್ಲಿ ಇಂಚಿಗೆ 10–12 ತೂತು ಒಂದೇ ಗೆರೆಯಲ್ಲಿ ಬೀಳುತ್ತವೆ. ಜಾಳಾದ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ. ನೀವು ಹೇಳಿದ 4 ಮಿ.ಮೀ.ಗೆ ಇಂಚಿಗೆ ಆರು ಚಿಲ್ಲರೆ ಬೀಳುತ್ತದೆ, ಅದು ಪರವಾಗಿಲ್ಲ. ಆದರೂ ಮಿಷನ್‌ನಲ್ಲಿ ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತವೆ. ಕೈಹೊಲಿಗೆಯಲ್ಲಿ ಒಂದೇ ದಾರ ಮೇಲೆ ಕೆಳಗೆ ಹಾಯುವುದರಿಂದ ಪದರಗಳಿಗೆ ಜಾರಾಡಲು ಕೊಂಚ ಎಡೆ ಸಿಗುತ್ತದೆ. ಕೌದಿ ಮೆತ್ತಗಿರುವುದು ಅದಕ್ಕೇ.

ಮಿಷನ್_ಮಾಸ್ತರ್:
ದಾರದ ವಿಷಯ ಒಪ್ಪಿದೆ. ಮಿಷನ್ ಬೇಡವೇ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ಸುತ್ತಲಿನ ಅಂಚುಪಟ್ಟಿ ಮಿಷನ್‌ನಲ್ಲೇ ಹಾಕಿ. ದಿನಾ ಎಳೆದಾಡುವ ಜಾಗ ಅದು, ಕೈಹೊಲಿಗೆ ಅಲ್ಲಿ ನಿಲ್ಲುವುದಿಲ್ಲ. ಪಟ್ಟಿಯ ಬಟ್ಟೆ ಮಾತ್ರ ಗಟ್ಟಿಯದಿರಲಿ, ಶರ್ಟಿನ ಬೆನ್ನು ಸರಿಹೋಗುತ್ತದೆ.

ಅರಿವಿ_ಸಂದೂಕ:
ಅಂಚಿಗೆ ಮಿಷನ್ ಹಾಕ್ರಿ, ಅದಕ್ಕ ನಂದೂ ಹೂಂ.

ಎಳೆಎಳೆ:
ದಾರದ ಲೆಕ್ಕ ಯಾರೂ ಹೇಳಲಿಲ್ಲ. ಕೌದಿ ಅಗಲ 1.4 ಮೀಟರ್, ಸಾಲಿನಿಂದ ಸಾಲಿಗೆ 2 ಸೆಂ.ಮೀ. ಇಟ್ಟರೆ 70 ಸಾಲು. ಒಂದು ಸಾಲು 2.1 ಮೀಟರ್. ಒಟ್ಟು 147 ಮೀಟರ್ ಹೊಲಿಗೆ. ದಾರ ಮೇಲೆ ಕೆಳಗೆ ಹಾಯುವುದಕ್ಕೆ, ತುದಿಗಳಿಗೆ ಅಂತ ಶೇಕಡಾ 15 ಸೇರಿಸಿ: ಹತ್ತಿರಹತ್ತಿರ 170 ಮೀಟರ್. ಸಾಲು 1.5 ಸೆಂ.ಮೀ.ಗೆ ಇಳಿಸಿದರೆ 225 ಮೀಟರ್ ದಾಟುತ್ತದೆ. ಕಸೂತಿಗೆ ಬಳಸುವ ಆಂಕರ್ ದಾರದ ಒಂದು ಲಡಿಯಲ್ಲಿ 8 ಮೀಟರ್, ಆರು ಎಳೆ ಇರುತ್ತವೆ. ಬಿಡಿಸಿ ಮೂರು ಎಳೆಯಲ್ಲಿ ಹೊಲಿದರೆ ಒಂದು ಲಡಿಗೆ 16 ಮೀಟರ್, ಅಂದರೆ ಹನ್ನೊಂದು ಲಡಿ. ಹುರಿ ಹಾಕಿದ 8 ನಂಬರಿನ ಹತ್ತಿ ಉಂಡೆ ಸಿಕ್ಕರೆ ಎಳೆ ಬಿಡಿಸುವ ಕೆಲಸವೂ ಇಲ್ಲ.

ಎಲ್ಲವನ್ನೂ ಒಂದೇ ಸಲ ಕೊಳ್ಳಿ. ಅದೇ ನಂಬರ್ ಆದರೂ ಬಣ್ಣ ಹಾಕಿದ ಕಂತು ಬೇರೆಯಾದರೆ ಛಾಯೆ ಬದಲಾಗುತ್ತದೆ.

ಮಲೆಸೀಮೆ:
ಸೂಜಿಗೆ ಒಮ್ಮೆಗೆ ಎಷ್ಟು ದಾರ?

ಎಳೆಎಳೆ:
70 ಸೆಂ.ಮೀ. ಅದಕ್ಕಿಂತ ಉದ್ದವಾದರೆ ಪ್ರತಿ ಸಲ ಬಟ್ಟೆಯೊಳಗೆ ಹಾಯ್ದು ಕೊನೆಯ ಗೇಣು ಜುಂಜಾಗುತ್ತದೆ. ಹೊಲಿಗೆ ಉದ್ದ 5–6 ಮಿ.ಮೀ., ಎರಡು ಹೊಲಿಗೆ ನಡುವೆಯೂ ಅಷ್ಟೇ.

ಹಳಿಯಾಳ_ಹಾದಿ:
ಎಲ್ಲರೂ ಒಂದೇ ಬಗೆಯ ಕೌದಿ ಹೇಳ್ತಿದ್ದೀರಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಕ್ರಮವೇ ಬೇರೆ. ಅದನ್ನೂ ತಿಳಿದುಕೊಂಡು ಆಮೇಲೆ ನಿರ್ಧರಿಸಿ.

ತಳಕ್ಕೆ ಒಂದು ಸೀರೆ ಹಾಸುತ್ತಾರೆ. ತೇಪೆಗಳನ್ನು ಮೊದಲೇ ಕತ್ತರಿಸಿ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರು. ತಳದ ಅಂಚನ್ನೂ ತೇಪೆಯ ಅಂಚನ್ನೂ ಒಳಮಡಿಚಿ, ಎರಡನ್ನೂ ಒಟ್ಟಿಗೆ ಹಿಡಿದು ಅಂಚಿನುದ್ದಕ್ಕೂ ಹೊಲಿಯುತ್ತ ಹೋಗುತ್ತಾರೆ. ತೇಪೆ ಮುಗಿಯುವ ಹೊತ್ತಿಗೆ ಇನ್ನೊಂದನ್ನು ಅದರ ಪಕ್ಕಕ್ಕೆ ಒಳಮಡಿಚಿ ಸೇರಿಸುತ್ತಾರೆ. ಮೂಲೆ ಬಂದಾಗ ತಿರುಗಿ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಚೌಕಟ್ಟಿಲ್ಲ, ಹಸಿ ಹೊಲಿಗೆಯಿಲ್ಲ (ಪದರ ಸರಿಯದಂತೆ ಮೊದಲು ಹಾಕುವ ತಾತ್ಕಾಲಿಕ ಹೊಲಿಗೆ). ತೊಡೆಯ ಮೇಲಿಟ್ಟುಕೊಂಡು ಹೊಲಿಯಬಹುದು. ಕೊನೆಗೆ ನಾಲ್ಕು ಮೂಲೆಗೂ ಚಿಕ್ಕ ಬಟ್ಟೆಚೂರುಗಳನ್ನು ತ್ರಿಕೋನವಾಗಿ ಮಡಿಚಿ ಒಂದರ ಮೇಲೊಂದಿಟ್ಟು 'ಫೂಲ' ಹಾಕುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾದಂತಲ್ಲ.

ಇದರ ಲಾಭ ನೋಡಿ: ಪ್ರತ್ಯೇಕ ಅಂಚುಪಟ್ಟಿ ಬೇಡ, ತೇಪೆಗಳನ್ನು ಮೊದಲು ಜೋಡಿಸುವ ಕೆಲಸ ಬೇಡ, ಅಂಗೈಯಗಲದ ಚೂರೂ ವ್ಯರ್ಥವಾಗುವುದಿಲ್ಲ.

ಹಾಸುಹೊಕ್ಕು:
ಹೊರಗಿನಿಂದ ಒಳಕ್ಕೆ ಬಂದರೆ ನಡುವೆ ಬಟ್ಟೆ ಹೆಚ್ಚಾಗಿ ಉಬ್ಬುವುದಿಲ್ಲವೇ? ಒಂದು ದೊಡ್ಡ ಬಟ್ಟೆಯ ಮೇಲೆ ಹಾಗೆ ಹೊಲಿದರೆ ಖಂಡಿತ ಉಬ್ಬುತ್ತದೆ.

ಹಳಿಯಾಳ_ಹಾದಿ:
ಮೇಲಿನದು ಒಂದೇ ಬಟ್ಟೆಯಾಗಿದ್ದರೆ ಉಬ್ಬುತ್ತದೆ, ನಿಜ. ಇಲ್ಲಿ ಮೇಲಿನದು ತುಂಡುತುಂಡು. ಪ್ರತಿ ತುಂಡನ್ನೂ ಅದರ ಜಾಗದಲ್ಲಿ ಕೈಯಿಂದ ಸವರಿ ಕೂರಿಸಿದ ಮೇಲೆಯೇ ಮಡಿಕೆ ಹಾಕುವುದು, ಹಾಗಾಗಿ ಹೆಚ್ಚಳ ಮಡಿಕೆಯೊಳಗೆ ಸೇರಿಹೋಗುತ್ತದೆ. ತಳದ ಸೀರೆ ನೆರಿಗೆಯಾಗದಂತೆ ಎರಡು ಸುತ್ತಿಗೊಮ್ಮೆ ನೆಲಕ್ಕೆ ಹಾಸಿ ನೋಡಬೇಕು, ಅಷ್ಟೇ. ಆದರೆ ಒಳಗೆ ಎರಡು ಸಡಿಲ ಪದರ ಹಾಕುವುದಾದರೆ ಈ ಕ್ರಮ ಬೇಡ. ಒಳಗಿನದು ಸರಿಯುತ್ತದೆ, ನಿಮಗೆ ಕಾಣುವುದೂ ಇಲ್ಲ.

ಅರಿವಿ_ಸಂದೂಕ:
ನಾಕ್ ಪದರದ್ದಾದ್ರ ನಮ್ಮ ಪದ್ಧತಿನ ಸೈ. ನೆಲ ಒರಸಿ ತಳದ ಸೀರಿ ಬೋರಲು ಹಾಸ್ರಿ, ನಾಕೂ ಮೂಲಿಗೆ ಭಾರ ಇಡ್ರಿ. ಅದರ ಮ್ಯಾಲ ಧೋತರ, ಅದರ ಮ್ಯಾಲ ಸವದ ಇಳಕಲ್ ಒಡಲು, ಕಡೀಗೆ ಜೋಡಿಸಿದ ತ್ಯಾಪಿ. ನಡುವಿಂದ ಹೊರಗ, ಗೇಣಿಗೊಂದು ಸಾಲು ಹಸಿ ಹೊಲಿಗಿ, ಮೊದಲ ಉದ್ದಕ್ಕ, ಆಮ್ಯಾಲ ಅಡ್ಡಕ್ಕ. ಈ ಹಸಿ ಹೊಲಿಗಿ ಬಿಟ್ಟವ್ರ ಕೌದಿ ನೋಡ್ರಿ, ಒಂದ ಮೂಲಿ ಸೊಟ್ಟ ಇರತೈತಿ.

ಒಳಗಿನ ಅರಿವಿಗೆ ಅಗಲ ಸಾಲದಿದ್ರ ಜೋಡಸ್ಬೇಕಾಗತೈತಿ. ಅಲ್ಲಿ ಮಡಿಚಿ ಹೊಲೀಬ್ಯಾಡ್ರಿ, ಗಂಟಿನಂಗ ಒತ್ತತೈತಿ. ಒಂದರ ಮ್ಯಾಲ ಒಂದು ಬಳ್ಳಗಲ ಏರಿಸಿ ಒಂದ ಸಾಲು ಹಾಕ್ರಿ. ಎರಡೂ ಒಳಪದರದ ಜೋಡು ಒಂದ ಕಡೆ ಬರಬಾರದು.

ಗುಬ್ಬಿಗೂಡು:
ತಳದ ಸೀರೆಯ ಅಗಲ 1.15 ಮೀಟರ್ ಇದೆ. 1.4 ಬೇಕಲ್ಲ?

ಎಳೆಎಳೆ:
ಸೀರೆ 5.5 ಮೀಟರ್ ಉದ್ದವಿದ್ದರೆ 2.2 ಮೀಟರಿನ ಎರಡು ತುಂಡು ಮಾಡಿ, 1.1 ಮೀಟರ್ ಉಳಿಯುತ್ತದೆ. ಒಂದನ್ನು ಪೂರ್ತಿ ಅಗಲದಲ್ಲಿಡಿ. ಇನ್ನೊಂದರಿಂದ ಉದ್ದಕ್ಕೆ 32 ಸೆಂ.ಮೀ. ಪಟ್ಟಿ ತೆಗೆಯಿರಿ. ಜೋಡಿಸಲು ಎರಡೂ ಕಡೆ 1 ಸೆಂ.ಮೀ. ಹೋದರೆ 1.45 ಸಿಗುತ್ತದೆ, ಅಂಚು ಮಡಿಚಲು ಅಷ್ಟು ಬೇಕು. ಕತ್ತರಿಸುವ ಮೊದಲು ಒಂದು ಎಳೆಯನ್ನು (ತುಂಡು ಮಾಡಲು ಹೊಕ್ಕು, ಅಂದರೆ ಅಡ್ಡ ಎಳೆ; ಪಟ್ಟಿಗೆ ಹಾಸು, ಅಂದರೆ ಉದ್ದದ ಎಳೆ) ಎಳೆದು ತೆಗೆದರೆ ನೇರ ಗೆರೆ ಸಿಗುತ್ತದೆ, ಆ ಗೆರೆಯ ಮೇಲೆ ಕತ್ತರಿ ಹಾಕಿ. ಹೊಸ ಹತ್ತಿಯನ್ನು ಹರಿದಂತೆ ಹಳೆಯದನ್ನು ಕೈಯಲ್ಲಿ ಹರಿಯಬೇಡಿ, ಅಡ್ಡ ಹೋಗುತ್ತದೆ.

ಜರಿಅಂಚು:
ಇಳಕಲ್ ಸೆರಗಿನ ಬಗ್ಗೆ ಒಂದು ಎಚ್ಚರಿಕೆ. ಆ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸಾಮಾನ್ಯವಾಗಿ ಒಡಲು ಹತ್ತಿ, ಸೆರಗಿನ ಹಾಸು ರೇಷ್ಮೆ ಅಥವಾ ಕೃತಕ ರೇಷ್ಮೆ. ಕೊಂಡಿಯ ಗೆರೆಗೆ ಅಂಟಿದಂತೆ ಕತ್ತರಿ ಹಾಕಿದರೆ ಅಲ್ಲಿನ ಹೊಕ್ಕು ಉದುರಿ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಗೆರೆಯ ಎರಡೂ ಬದಿಗೆ ಒಂದಿಂಚು ಬಿಟ್ಟು, ಮೊದಲು ಒಂದೊಂದು ಸಾಲು ಹೊಲಿದು, ಆಮೇಲೆ ಕತ್ತರಿಸಿ. ಕೃತಕ ರೇಷ್ಮೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಆ ಸೆರಗಿರುವ ಕೌದಿಯನ್ನು ಒಗೆಯುವಾಗ ಹಿಂಡಬಾರದು.

ಮಲೆಸೀಮೆ:
ಕೆಂಪು ಸೆರಗು ಅಂದ್ರೆ ಬಣ್ಣ ಬಿಡುತ್ತೆ ಕಣ್ರೀ. ಮೊದಲು ಉಪ್ಪು ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಣ್ಣ ಕೂತ್ಕೊಳ್ಳುತ್ತೆ. ಎಲ್ಲರ ಮನೆಯಲ್ಲೂ ಮಾಡೋದೇ ಅದು.

ಎಳೆಎಳೆ:
ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಆದರೆ ಬಣ್ಣ ಕೂರುವುದಿಲ್ಲ. ಬಣ್ಣ ಹಾಕುವ ಹೊತ್ತಿನಲ್ಲಿ ಬಣ್ಣದ ತೊಟ್ಟಿಗೆ ಉಪ್ಪು ಹಾಕಿದರೆ ಬಣ್ಣ ನೀರು ಬಿಟ್ಟು ಹತ್ತಿಗೆ ಹೋಗಲು ಅನುಕೂಲ. ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಬಿಗಿಯಾಗಿ ಕೂರದೆ ಉಳಿದ ಬಣ್ಣವನ್ನು ಆಮೇಲೆ ಉಪ್ಪು ಬಂದು ಹಿಡಿದುಕೊಳ್ಳುವುದಿಲ್ಲ. ವಿನೆಗರ್ ಕೂಡ ಹತ್ತಿಗೆ ಅಷ್ಟೇ. ರಾತ್ರಿಯಿಡೀ ನೆನೆಸಿದರೆ ಹೊರಬಂದ ಬಣ್ಣ ಅದೇ ಸೀರೆಯ ಬಿಳಿ ಎಳೆಗೆ ಹತ್ತುತ್ತದೆ.

ಪರೀಕ್ಷೆ ಸುಲಭ: ಬಿಳಿ ಚಿಂದಿಯನ್ನು ಒದ್ದೆ ಮಾಡಿ ಸೆರಗಿನ ಒಳಮಗ್ಗುಲಿಗಿಟ್ಟು ಬಿಸಿ ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ತಣ್ಣೀರಿನಲ್ಲಿ ಬೇರೆಯಾಗಿ ಜಾಲಿಸಿ, ನೀರು ತಿಳಿಯಾಗುವವರೆಗೆ. ಮಡಿಚಿ ಒಣಗಿಸಬೇಡಿ, ಹರಡಿ. ಆಮೇಲೂ ಬಿಡುತ್ತಿದ್ದರೆ ಬಿಳಿ ಧೋತರದ ಪಕ್ಕ ಇಡಬೇಡಿ, ಕಡುಬಣ್ಣದ ತೇಪೆಗಳ ನಡುವೆ ಇಡಿ.

ಮಲೆಸೀಮೆ:
ಅರಿಶಿನದ ಕಲೆ ಇರೋ ಸೀರೆ?

ಎಳೆಎಳೆ:
ಸೋಪು ಹಾಕಿದ ಕೂಡಲೇ ಅದು ಕೆಂಪಗಾಗುತ್ತದೆ, ಹೆದರಬೇಡಿ. ಒಗೆದು ಬಿಸಿಲಿಗೆ ಹಾಕಿ, ಅರಿಶಿನ ಬಿಸಿಲಿಗೆ ಮಾಸುತ್ತದೆ. ತುಕ್ಕಿನ ಕಲೆ ಬೇರೆ ಜಾತಿ. ಅದಿರುವ ಕಡೆ ಹತ್ತಿಯೇ ಸಾಯುತ್ತದೆ, ಕತ್ತರಿಸಿ ಬಿಸಾಡಿ.

ಹೊರನಾಡು:
ಲೇಬಲ್ ಹರಿದುಹೋಗಿದ್ದರೆ ಶರ್ಟುಗಳಲ್ಲಿ ಶುದ್ಧ ಹತ್ತಿ ಯಾವುದು ಅಂತ ಹೇಗೆ ತಿಳಿಯುವುದು?

ಹಾಸುಹೊಕ್ಕು:
ಒಳಹೊಲಿಗೆಯಿಂದ ನಾಲ್ಕೈದು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಸುಡಿ, ಕೆಳಗೆ ನೀರಿನ ತಟ್ಟೆ ಇರಲಿ. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ. ಬೂದಿಯೂ ಬಂದು ನಡುವೆ ಗಟ್ಟಿ ಕಾಳೂ ಸಿಕ್ಕರೆ ಮಿಶ್ರಣ. ಮಿಶ್ರಣದ ಶರ್ಟು ಕೌದಿಗೆ ಬೇಡ, ಚೀಲದ ಅಸ್ತರಿಗೆ ಇಟ್ಟುಕೊಳ್ಳಿ.

ಮಿಷನ್_ಮಾಸ್ತರ್:
ಶರ್ಟನ್ನು ಕತ್ತರಿಸುವ ಮೊದಲು ಒಮ್ಮೆ ಕಾಲರ್ ನೋಡಿ. ಬರೀ ಕಾಲರ್ ಸವೆದಿದ್ದರೆ ಅದು ಇನ್ನೂ ತೊಡುವ ಶರ್ಟು. ಕಾಲರಿನ ನಡುವಿಗೂ ಅದು ಕೂರುವ ಕುತ್ತಿಗೆ ಪಟ್ಟಿಯ ನಡುವಿಗೂ ಸೀಮೆಸುಣ್ಣದ ಗುರುತು ಹಾಕಿ, ಪಟ್ಟಿಯ ಹೊಲಿಗೆ ಬಿಚ್ಚಿ ಕಾಲರ್ ಎಳೆದುಕೊಳ್ಳಿ, ಅಡಿಮೇಲು ಮಾಡಿ, ಗುರುತಿಗೆ ಗುರುತು ಸೇರಿಸಿ ಅದೇ ಹಳೆ ತೂತುಗಳ ಗೆರೆಯಲ್ಲಿ ಹೊಲಿಯಿರಿ. ಸವೆದದ್ದು ಕೆಳಗೆ ಹೋಗುತ್ತದೆ. ಕಾಲರಿನ ತುದಿಗೆ ಗುಂಡಿ ಹಾಕುವ ಶರ್ಟಿಗೆ ಇದು ಆಗುವುದಿಲ್ಲ, ಕಾಜಾ ಅಡಿಮೇಲಾಗಿ ಕಾಣುತ್ತದೆ. ಕಾಲರಿನೊಳಗೆ ಕಡ್ಡಿ ತೂರಿಸುವ ಕಿಸೆ ಇದ್ದರೂ ಅಷ್ಟೇ.

ಗುಬ್ಬಿಗೂಡು:
ಇದು ಗೊತ್ತಿರಲಿಲ್ಲ, ಎರಡು ಶರ್ಟು ಉಳಿದವು. ಹಾಗಾದರೆ ಜೀನ್ಸ್‌ಗೂ ದಾರಿ ಹೇಳಿಬಿಡಿ. ಮನೆಯಲ್ಲಿರುವುದು ಕಪ್ಪು ತಲೆಯ ಹಳೆ ಮಿಷನ್, ನೇರ ಹೊಲಿಗೆ ಮಾತ್ರ.

ಮಿಷನ್_ಮಾಸ್ತರ್:
ಅದೇ ಸಾಕು. ತೊಡೆಯ ಕಡೆ ತೂತಿಗಿಂತ ಸುತ್ತಲಿನ ಸವೆತ ದೊಡ್ಡದು. ಬೆಳಕಿಗೆ ಹಿಡಿದು ಸವೆತದ ಎಲ್ಲೆ ಗುರುತು ಮಾಡಿ, ಅದಕ್ಕಿಂತ ಸುತ್ತ 2–3 ಸೆಂ.ಮೀ. ದೊಡ್ಡ ತೇಪೆ ಒಳಗಿನಿಂದ ಇಡಿ. ತೇಪೆ ಮೊಟ್ಟೆಯಾಕಾರ ಇರಲಿ, ಚೌಕವಾದರೆ ಮೂಲೆ ಮೊದಲು ಏಳುತ್ತದೆ. ಅಂಚು ಮಡಿಚಬೇಡಿ, ಮಡಿಚಿದ ಏಣು ತೊಡೆಗೆ ಉಜ್ಜುತ್ತದೆ. ಬಟ್ಟೆ ಒಗೆದು ಕುಗ್ಗಿಸಿದ್ದಾಗಿರಲಿ. ನಿಮ್ಮ ಜೀನ್ಸ್ ಎಳೆದರೆ ಹಿಗ್ಗುವಂಥದ್ದಾದರೆ ತೇಪೆಯೂ ಹಿಗ್ಗುವ ಬಟ್ಟೆಯೇ ಆಗಬೇಕು. ಇಲ್ಲವಾದರೆ ತೇಪೆಯ ಗಡಿಯಲ್ಲಿ ಹೊಸದಾಗಿ ಹರಿಯುತ್ತದೆ.

ಮಿಷನ್‌ನ ಕಾಲು ಬಿಚ್ಚಿ ತೆಗೆಯಿರಿ, ಕೆಳಗಿನಿಂದ ಬಟ್ಟೆ ತಳ್ಳುವ ಹಲ್ಲನ್ನು ಇಳಿಸಿ ಅಥವಾ ಅದಕ್ಕೆ ತಗಡು ಮುಚ್ಚಿ, ಬಟ್ಟೆಯನ್ನು ರಿಂಗ್‌ನಲ್ಲಿ ಬಿಗಿದು ಕೈಯಿಂದ ಹಿಂದೆ ಮುಂದೆ ಸರಿಸಿ. ಇಲ್ಲಿ ಎಲ್ಲರೂ ಎಡವುವ ಜಾಗ: ಕಾಲಿಲ್ಲದಿದ್ದರೂ ಕಾಲಿನ ಸನ್ನೆಯನ್ನು ಕೆಳಗಿಳಿಸಲೇಬೇಕು. ಸನ್ನೆ ಮೇಲಿದ್ದರೆ ದಾರಕ್ಕೆ ಬಿಗಿ ಸಿಗುವುದಿಲ್ಲ, ಕೆಳಗೆ ಗೂಡು ಕಟ್ಟಿ ಮಿಷನ್ ಸಿಕ್ಕಿಹಾಕಿಕೊಳ್ಳುತ್ತದೆ.

ಸಾಲುಗಳು 2–3 ಮಿ.ಮೀ. ಅಂತರದಲ್ಲಿ, ಹಾಸಿನ ದಿಕ್ಕಿಗೇ. ಎಲ್ಲ ಸಾಲೂ ಒಂದೇ ಗೆರೆಯಲ್ಲಿ ನಿಲ್ಲಬಾರದು. ಒಂದು ಉದ್ದ, ಪಕ್ಕದ್ದು ಗಿಡ್ಡ. ಒಂದೇ ಗೆರೆಯಲ್ಲಿ ನಿಂತರೆ ಆ ಗೆರೆಯೇ ಮುಂದಿನ ಹರಕು.

ಹಾಸುಹೊಕ್ಕು:
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಕೈಯಲ್ಲಿ ರಫೂ ಮಾಡುವವರಿಗೂ ಅದೇ ಮಾತು. ದಾರವನ್ನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆದುಕೊಳ್ಳಿ, ಬಣ್ಣವೂ ಸವೆತವೂ ಹೊಂದುತ್ತವೆ. ತೂತಿನ ಸುತ್ತ ಗಟ್ಟಿ ಬಟ್ಟೆಯ ಮೇಲೆ 1 ಸೆಂ.ಮೀ. ಆಚೆಗೆ ಹೋಗಿ. ಮೊದಲು ಹಾಸು ತುಂಬಿ, ಆಮೇಲೆ ಹೊಕ್ಕು ಒಂದು ಮೇಲೆ ಒಂದು ಕೆಳಗೆ. ಪ್ರತಿ ತಿರುವಿನಲ್ಲಿ ಸಾಸಿವೆಯಷ್ಟು ಕುಣಿಕೆ ಬಿಡಿ. ಒಗೆದಾಗ ದಾರ ಕುಗ್ಗಿ ಆ ಕುಣಿಕೆಯನ್ನು ನುಂಗುತ್ತದೆ. ಕುಣಿಕೆ ಬಿಡದಿದ್ದರೆ ರಫೂ ಸುತ್ತ ನೆರಿಗೆ ಬೀಳುತ್ತದೆ.

ಕಡಲತಡಿ:
ಮೈಮೇಲೆ ಇದ್ದ ಹಾಗೆ ಹೊಲಿಯಬಾರದು ಅಂತ ಹಿರಿಯರು ಹೇಳುವುದು ಇದಕ್ಕೂ ಹೊಂದ್ತದೆ. ಮೈಮೇಲೆ ಬಟ್ಟೆ ಹಿಗ್ಗಿರ್ತದೆ, ಕಳಚಿದ ಮೇಲೆ ತೇಪೆ ಸುಕ್ಕುಗಟ್ತದೆ.

ಕಸೂತಿ_ಕೈ:
ತಡವಾಗಿ ಬಂದೆ. ತೇಪೆಯ ಮೇಲೆ ಕಸೂತಿ ಹಾಕಬೇಕು ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ತೂತಿನ ಮೇಲೆ ನೇರವಾಗಿ ಕಸೂತಿ ಆಗುವುದಿಲ್ಲ. ಅದು ಎಳೆ ಎಣಿಸಿ ಹಾಕುವ ಕೆಲಸ, ಎಣಿಸಲು ಎಳೆ ಇರಬೇಕು. ಅದರ ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತೀರಿ, ಎರಡೂ ಮೈ ಒಂದೇ ರೀತಿ ಕಾಣುತ್ತದೆ. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲಿನಂತೆ. ಮೆಂತಿ ಗುಣಿಸುವ ಗುರುತಿನಂಥ (×) ಹೊಲಿಗೆ, ದಾರ ಹೆಚ್ಚು ತಿನ್ನುತ್ತದೆ, ಸವೆದ ಬಟ್ಟೆಗೆ ಭಾರ.

ಸವೆದ ಜಾಗಕ್ಕೆ ಹೊಂದುವುದು ನೇಗಿ. ಅದು ಉದ್ದ ಗಿಡ್ಡ ಹೊಲಿಗೆಯಲ್ಲಿ ನೇಯ್ದಂತೆ ಸಾಲಾಗಿ ಸಾಗುತ್ತದೆ. ಹೊಸ ಎಳೆಗಳೇ ಸೇರಿದ ಹಾಗೆ, ಹೆಚ್ಚುಕಡಿಮೆ ರಫೂ. ಜಾಳಾಗಿ ಇನ್ನೂ ಹರಿಯದ ಜಾಗಕ್ಕೆ ಹಿಂದೆ ಮಲ್ಮಲ್ ತುಂಡಿಟ್ಟು ನೇಗಿ ಹಾಕಿ.

ಶರ್ಟಿನ ಪಾಪ್ಲಿನ್‌ನಲ್ಲಿ ಎಳೆ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಮ್ಯಾಟಿ ಬಟ್ಟೆಯನ್ನು (ಚೌಕ ಎಣಿಸಲು ಬರುವ ಬಿಡಿ ನೇಯ್ಗೆಯದು) ಹಸಿ ಹೊಲಿಗೆಯಲ್ಲಿ ಕೂರಿಸಿ, ಅದರ ಚೌಕ ಎಣಿಸಿ ಎರಡನ್ನೂ ಸೇರಿಸಿ ಹೊಲಿದು, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಹೊಲಿಯುವಾಗ ಸೂಜಿ ಮ್ಯಾಟಿಯ ಎಳೆಯನ್ನು ಚುಚ್ಚಿದರೆ ಆಮೇಲೆ ಅದು ಬರುವುದಿಲ್ಲ, ಆದ್ದರಿಂದ ಯಾವಾಗಲೂ ಚೌಕದ ಮೂಲೆಯ ತೂತಿಗೇ ಇಳಿಸಿ. ಗಂಟು ಹಾಕಬೇಡಿ, ತುದಿಯನ್ನು ಹೊಲಿಗೆಯಡಿ ತೂರಿಸಿ.

ಮಲೆಸೀಮೆ:
ಕನ್ನಡಿ ಹಾಕಿದ್ರೆ? ಸಂಡೂರಿನ ಲಂಬಾಣಿ ಕೆಲಸದ ಥರ?

ಕಸೂತಿ_ಕೈ:
ಚೀಲಕ್ಕೆ, ದಿಂಬಿನ ಮುಖಕ್ಕೆ ಹಾಕಿ. ಹೊದೆಯುವ ಕೌದಿಗೆ ಬೇಡ. ಕನ್ನಡಿಯ ಭಾರ ಸವೆದ ಬಟ್ಟೆಯನ್ನು ಜಗ್ಗುತ್ತದೆ, ಒಗೆಯುವ ಕಲ್ಲಿಗೆ ಬಡಿದರೆ ಒಡೆಯುತ್ತದೆ. ಲಂಬಾಣಿ ಕೆಲಸ ಅಷ್ಟು ಕಾಲ ಬಾಳುವುದು ಗಟ್ಟಿ, ದಪ್ಪ ಬಟ್ಟೆಯ ಮೇಲೆ ಒತ್ತೊತ್ತಾಗಿ ಹೊಲಿಯುವುದರಿಂದ.

ಜರಿಅಂಚು:
ರೇಷ್ಮೆ ಸೀರೆ ವಿಷಯವೂ ಬರಲಿ. ಹಳೆ ರೇಷ್ಮೆ ಮಡಿಕೆಯ ಗೆರೆಯಲ್ಲಿ, ಜರಿ ಅಂಚಿನ ಪಕ್ಕದಲ್ಲಿ ಸೀಳುತ್ತದೆ. ಮಗುವಿಗೆ ಲಂಗ ಹೊಲಿಸುವವರು ಆ ಮಡಿಕೆಗಳನ್ನು ಬಿಟ್ಟು ಕತ್ತರಿಸಬೇಕು.

ಮಿಷನ್_ಮಾಸ್ತರ್:
ಹಿಂದೆ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಅಸ್ತರ್) ಅಂಟಿಸಿದರೆ ಮಡಿಕೆ ಬಿಡುವ ಅಗತ್ಯವಿಲ್ಲ.

ಜರಿಅಂಚು:
ಇದನ್ನು ನಾನು ಒಪ್ಪಲಾರೆ. ಅಂಟು ಕರಗಿಸುವಷ್ಟು ಬಿಸಿ ಜರಿಗೂ ಹಳೆ ರೇಷ್ಮೆಗೂ ಒಳ್ಳೆಯದಲ್ಲ. ತೆಳು ರೇಷ್ಮೆಯಲ್ಲಿ ಅಂಟು ಚುಕ್ಕೆಚುಕ್ಕೆಯಾಗಿ ಮುಂದಕ್ಕೆ ಕಾಣುತ್ತದೆ, ಒಗೆದ ಮೇಲೆ ಗುಳ್ಳೆ ಏಳುತ್ತದೆ. ಮಲ್ಮಲ್ ಅಸ್ತರನ್ನು ನೆನೆಸಿ ಒಣಗಿಸಿ, ರೇಷ್ಮೆಯ ಪ್ರತಿ ತುಂಡಿಗೂ ಅದೇ ಆಕಾರದ ಅಸ್ತರ್ ಕತ್ತರಿಸಿ, ಎರಡನ್ನೂ ಅಂಚಿಗೆ ಸೇರಿಸಿ ಹೊಲಿದು ಒಂದೇ ಬಟ್ಟೆಯೆಂಬಂತೆ ಲಂಗ ಮಾಡಿ. ಎಳೆತ ಅಸ್ತರಿಗೆ ಹೋಗುತ್ತದೆ, ರೇಷ್ಮೆ ಸುಮ್ಮನೆ ಮೇಲೆ ಕೂರುತ್ತದೆ. ಅಸ್ತರ್ ಕೂದಲೆಳೆಯಷ್ಟು ಚಿಕ್ಕದಿರಲಿ, ಎಳೆತ ಮೊದಲು ಅದಕ್ಕೇ ಸಿಗಲಿ.

ಮಿಷನ್_ಮಾಸ್ತರ್:
ಬ್ಲೌಸ್ ತೋಳಿಗೆ, ಕುತ್ತಿಗೆಗೆ ಫ್ಯೂಸಿಂಗ್ ಬೇಕೇ ಬೇಕು. ಲಂಗಕ್ಕೆ ನೀವು ಹೇಳಿದ ಕ್ರಮ ಸರಿ.

ಹೊರನಾಡು:
ರೇಷ್ಮೆ ಅಂಚನ್ನು ಹತ್ತಿ ಪರದೆಗೆ ಹೊಲಿದರೆ ಅಂಚು ಅಲೆಅಲೆಯಾಗಿ ನಿಲ್ಲುತ್ತದೆ ಯಾಕೆ?

ಜರಿಅಂಚು:
ಹತ್ತಿ ಮೊದಲ ಒಗೆತಕ್ಕೆ ಕುಗ್ಗಿತು, ಅಂಚು ಕುಗ್ಗಲಿಲ್ಲ. ಹೊಲಿಗೆ ಬಿಚ್ಚಿ ಅಂಚನ್ನು ಮತ್ತೆ ಹೊಂದಿಸುವುದೊಂದೇ ದಾರಿ.

ಗೊಣಸಿ:
ಮಾರ್ಕೆಟ್‌ನಲ್ಲಿ ಕೈಯಲ್ಲಿ ಹೊಲಿದ ಕೌದಿ ಅಷ್ಟು ದುಬಾರಿ ಯಾಕೆ? ಹಳೆ ಬಟ್ಟೆ ತಾನೇ? ನಾವೇ ಬಟ್ಟೆ ಕೊಟ್ಟರೂ ಜಾಸ್ತಿ ಕೂಲಿ ಕೇಳುತ್ತಾರೆ.

ಎಳೆಎಳೆ:
ಮೇಲಿನ ಲೆಕ್ಕವನ್ನೇ ನೋಡಿ. 147 ಮೀಟರ್ ಹೊಲಿಗೆ. ನಾಲ್ಕು ಪದರದಲ್ಲಿ ಪಳಗಿದ ಕೈ ಗಂಟೆಗೆ 4–5 ಮೀಟರ್ ಹೊಲಿದರೂ ಸುಮಾರು 30–37 ಗಂಟೆ ಬೇಕು. ತೇಪೆ ಜೋಡಿಸುವುದು, ಹಸಿ ಹೊಲಿಗೆ, ಅಂಚು ಬೇರೆ. ಅದನ್ನು ನಿಮ್ಮ ಊರಿನ ದಿನಗೂಲಿಗೆ ಗುಣಿಸಿ.

ಅರಿವಿ_ಸಂದೂಕ:
ಚೌಕಾಸಿ ಮಾಡೂಮುಂದ ಈ ಲೆಕ್ಕ ನೆನಪಿರಲಿ. ಸೂಜಿ ಹಿಡದ ಕುಂತಾಕಿ ಬೆನ್ನು, ಕಣ್ಣು ಎರಡೂ ಹೋಗ್ತಾವ. ಕೂಲಿ ಕೇಳೂಕಿಂತ ಮೊದಲ ಸಾಲಿನ ಅಂತರ ಕೇಳ್ರಿ. ನಾಕ್ ಬಳ್ಳಿಗೊಂದು ಸಾಲು ಹಾಕಿದ್ದು ಅಗ್ಗ ಸಿಗತೈತಿ, ಆದ್ರ ಒಳಗಿನ ಅರಿವಿ ಎರಡ ಒಗತಕ್ಕ ಗುಡ್ಡಿ ಬೀಳತೈತಿ.

ಗೊಣಸಿ:
ಗಂಟೆಯ ಲೆಕ್ಕದಲ್ಲಿ ನೋಡಿರಲಿಲ್ಲ. ಸರಿ.

ಹೊರನಾಡು:
ವಾಷಿಂಗ್ ಮಿಷನ್‌ಗೆ ಹಾಕಬಹುದೇ? ಇಲ್ಲಿ ಹರಡಲು ಅಂಗಳವಿಲ್ಲ, ಡ್ರೈಯರ್ ಇದೆ.

ಕಡಲತಡಿ:
ತಣ್ಣೀರು, ನಿಧಾನ ತಿರುಗುವ ಕ್ರಮ, ಕೌದಿ ಒಂದನ್ನೇ ಹಾಕಿ. ನೆನೆದರೆ ತುಂಬಾ ಭಾರ ಆಗ್ತದೆ, ಮಿಷನ್ ಸಣ್ಣದಾದರೆ ಬಚ್ಚಲ ತೊಟ್ಟಿಯಲ್ಲಿ ಕಾಲಲ್ಲಿ ತುಳಿದು ಒಗೆಯುವುದು ವಾಸಿ. ಡ್ರೈಯರ್ ಬೇಡ, ಬಿಸಿಗೆ ಒಂದೊಂದು ತೇಪೆ ಒಂದೊಂದು ಅಳತೆಗೆ ಕುಗ್ಗುತ್ತದೆ. ಎರಡು ಕುರ್ಚಿ ಬೆನ್ನಿನ ಮೇಲೆ ಹಾಸಿ ಫ್ಯಾನ್ ಹಾಕಿ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರ ಎಲ್ಲ ಒಂದೇ ಸಾಲಿನ ಹೊಲಿಗೆಗೆ ಬೀಳ್ತದೆ.

ಗುಬ್ಬಿಗೂಡು:
ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಮಾಡುತ್ತೇನೆ: ಗಟ್ಟಿ ಹತ್ತಿ ಸೀರೆ ತಳಕ್ಕೆ, ಒಂದು ಧೋತರ ಮತ್ತು ಇಳಕಲ್ ಒಡಲು ಒಳಗೆ, ಇನ್ನೊಂದು ಹತ್ತಿ ಸೀರೆ, ನಾಲ್ಕು ಶರ್ಟು, ಇಳಕಲ್ ಅಂಚು ಮೇಲೆ. ಸೆರಗು ನಡುವೆ. ಸಾಲು 2 ಸೆಂ.ಮೀ. ಮೂಲೆಗೆ ಫೂಲವನ್ನೂ ಹಾಕುವ ಆಸೆ. ಹೊಲಿದಾದ ಮೇಲೆ ಒಮ್ಮೆ ಒಗೆದುಬಿಟ್ಟರೆ ಎಲ್ಲ ಒಟ್ಟಿಗೆ ಕುಗ್ಗಿ ಕೂರುತ್ತದೆ ಅಲ್ಲವೇ?

ಅರಿವಿ_ಸಂದೂಕ:
ಹಂಗ ಮಾಡಬ್ಯಾಡ್ರಿ ತಂಗಿ. ಶರ್ಟು ಒಂದಷ್ಟು ಕುಗ್ಗತೈತಿ, ಸೀರಿ ಮತ್ತೊಂದಷ್ಟು. ಎಲ್ಲಾ ಅರಿವಿ ಕತ್ತರಸೂದಕ್ಕಿಂತ ಮೊದಲ ಬಿಸಿನೀರಾಗ ಒಗದ, ಒಣಗಿಸಿ, ಇಸ್ತ್ರಿ ಹೊಡೀರಿ. ಸೆರಗು ಮಾತ್ರ ತಣ್ಣೀರಾಗ, ಬ್ಯಾರೆ. ಗಂಜಿ ಹಾಕಿದ ಧೋತರ ಇದ್ರ ಗಂಜಿ ಪೂರ್ತಿ ಹೋಗಬೇಕು, ಇಲ್ಲಂದ್ರ ಸೂಜಿ ಜಗ್ಗೂದಿಲ್ಲ, ಜಿರಳಿನೂ ಹತ್ತತಾವ.

ಹಳಿಯಾಳ_ಹಾದಿ:
ಫೂಲಕ್ಕೆ 6–7 ಸೆಂ.ಮೀ. ಚೌಕಗಳನ್ನು ಎರಡು ಸಲ ಕೋನಕ್ಕೆ ಮಡಿಚಿ, ದೊಡ್ಡದು ಕೆಳಗೆ ಚಿಕ್ಕದು ಮೇಲೆ. ಮಿಷನ್ ಅಂಚುಪಟ್ಟಿ ಹಾಕುವುದಾದರೆ ಪಟ್ಟಿ ಹೊಲಿಯುವಾಗಲೇ ಫೂಲದ ಬುಡವನ್ನು ಒಳಗೆ ಸಿಕ್ಕಿಸಿ. ಹಾಗೆ ಮಾಡದೆ ಆಮೇಲೆ ಅಂಟಿಸಿದಂತೆ ಹೊಲಿದರೆ ಎಳೆದಾಗ ಕಿತ್ತು ಬರುತ್ತದೆ.